ರಚ್ಚೆ ಹಿಡಿದ ಮಗು ಮತ್ತು ತಾಯಂದಿರ ದಿನಚರಿ

ಕೊಟ್ಟ ಬಿಸ್ಕತ್ತು ಮುರಿದಿದೆ ಎಂಬ ಕಾರಣಕ್ಕೆ ಎರಡು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಕೈಕಾಲು ಬಡಿಯುತ್ತದೆ, ಉಸಿರು ಸಿಕ್ಕಿಕೊಳ್ಳುವಷ್ಟು ಕಿರುಚುತ್ತದೆ. ಸ್ವಲ್ಪ ಹೊತ್ತಿಗೆ ಮೂಗು ಸುರಿಸಿಕೊಂಡೇ ಬಂದು ಅದೇ ಅಮ್ಮನ ತೊಡೆ ಏರುತ್ತದೆ. ಈ ರಚ್ಚೆ ಎಲ್ಲಿಂದ ಬರುತ್ತದೆ ಎಂದು ಎಲ್ಲ ಕಾಲದ ಹಿರಿಯರೂ ಕೇಳಿಕೊಂಡಿದ್ದಾರೆ. ಗ್ರಹ ಬಡಿದಿದೆ ಎಂದವರಿದ್ದಾರೆ, ದೃಷ್ಟಿ ತಾಗಿದೆ ಎಂದವರಿದ್ದಾರೆ, ಹುಟ್ಟಿನಿಂದ ಬಂದ ಪಾಪ ಎಂದವರಿದ್ದಾರೆ, ಮುದ್ದು ಹೆಚ್ಚಾಗಿ ಕೆಟ್ಟ ಚಾಳಿ ಎಂದವರಿದ್ದಾರೆ. ಈಗ ಎಲ್ಲರ ಬಾಯಲ್ಲೂ ಇರುವ ಉತ್ತರ ಮಿದುಳು. ಹಣೆಯ ಹಿಂದಿನ ಭಾಗ ಇನ್ನೂ ಬಲಿತಿಲ್ಲ, ಆದ್ದರಿಂದ ಮಗುವಿಗೆ ತನ್ನ ಸಿಟ್ಟನ್ನು ತಡೆದುಕೊಳ್ಳಲು ಆಗುವುದಿಲ್ಲ ಎಂದು ಪಾಲಕರಿಗಾಗಿ ಬರೆದ ಪುಸ್ತಕಗಳೆಲ್ಲ ಹೇಳುತ್ತವೆ. ಮಾತು ಸರಿಯಾದದ್ದೇ. ಆದರೆ ಆ ಪುಸ್ತಕಗಳು ಹೇಳುವ ಚರಿತ್ರೆ ಸರಿಯಿಲ್ಲ. ಹಿಂದೆ ಅಜ್ಞಾನವಿತ್ತು, ಆಮೇಲೆ ವಿಜ್ಞಾನಿಗಳು ಮಿದುಳನ್ನು ನೋಡಿದರು, ಅಲ್ಲಿಂದ ಮಕ್ಕಳ ಮೇಲೆ ಕರುಣೆ ಹುಟ್ಟಿತು ಎಂಬ ಕ್ರಮದಲ್ಲಿ ಅದು ನಡೆಯಲಿಲ್ಲ. ಮಗುವಿನ ರಚ್ಚೆಯನ್ನು ಅರ್ಥ ಮಾಡಿಕೊಳ್ಳುವ ದಾರಿ ತೆರೆದದ್ದು ಮನೆಗಳಲ್ಲಿ, ಅದು ಯಾವಾಗ, ಯಾವುದರ ಬೆನ್ನಿಗೆ, ಎಷ್ಟು ಹೊತ್ತು ಬರುತ್ತದೆಂದು ತಾಯಂದಿರು ಕೂತು ಬರೆದಿಟ್ಟಾಗ. ಮಿದುಳಿನ ವಿವರಣೆ ತಡವಾಗಿ ಬಂದು ಅದಕ್ಕೆ ಜೊತೆಯಾಯಿತು. ಆ ಬರಹದ ಆಸರೆಯಿಲ್ಲದೆ ಮಿದುಳಿಗೇ ಕೈಹಾಕಿದಾಗ ಆದದ್ದು ದೊಡ್ಡ ಅನಾಹುತ.

ಹಳೆಯದನ್ನೆಲ್ಲ ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ ಎನ್ನುವುದಕ್ಕೆ ನಮ್ಮ ವೈದ್ಯಗ್ರಂಥಗಳೇ ಸಾಕ್ಷಿ. ಸುಶ್ರುತ ಸಂಹಿತೆಯ ಉತ್ತರತಂತ್ರ ಸ್ಕಂದ, ಶಕುನಿ, ರೇವತಿ, ಪೂತನಾ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ. ಗ್ರಹ ಬಡಿದ ಮಗು ಇದ್ದಕ್ಕಿದ್ದಂತೆ ಬೆಚ್ಚುತ್ತದೆ, ಅಳುತ್ತದೆ, ಹಲ್ಲು ಕಡಿಯುತ್ತದೆ, ತನ್ನನ್ನೂ ಎತ್ತಿಕೊಂಡವಳನ್ನೂ ಉಗುರಿನಿಂದ ಪರಚುತ್ತದೆ ಎಂದು ವೈದ್ಯಪರಂಪರೆ ಲಕ್ಷಣಗಳನ್ನು ಪಟ್ಟಿ ಮಾಡಿತು. ಈ ಲಕ್ಷಣಗಳಲ್ಲಿ ಹಲವು ಜ್ವರ, ಸೆಳವು, ಸೋಂಕುಗಳಿಗೆ ಸೇರಿದವು ಎಂದು ಇಂದಿನ ವೈದ್ಯರಿಗೆ ಕಾಣುತ್ತದೆ. ಕಾರಣವನ್ನು ಗ್ರಹಕ್ಕೆ ಹೊರಿಸಿದರೂ ಅವರ ಕಣ್ಣು ಮಗುವಿನ ಮೇಲೇ ಇತ್ತು. ಕಾಶ್ಯಪ ಸಂಹಿತೆಯಂತೂ ಮಾತು ಬಾರದ ಶಿಶುವಿನ ನೋವನ್ನು ಅದರ ವರ್ತನೆಯಿಂದ ತಿಳಿಯುವುದು ಹೇಗೆ ಎಂಬುದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಮಗು ಎರಡು ಕೈಯಿಂದಲೂ ಕಿವಿ ಮುಟ್ಟಿಕೊಳ್ಳುತ್ತಿದ್ದರೆ, ತಲೆ ಹೊರಳಿಸುತ್ತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ ಕಿವಿನೋವು ಎಂದು ತಿಳಿಯಬೇಕು ಎನ್ನುತ್ತದೆ ಅದು. ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಚರಕ ಸಂಹಿತೆಯ ಶಾರೀರಸ್ಥಾನದ ಒಂದು ಎಚ್ಚರಿಕೆ. ಮಗು ಅಳುತ್ತಿದ್ದರೂ ಉಣ್ಣದಿದ್ದರೂ ಹೇಳಿದ ಮಾತು ಕೇಳದಿದ್ದರೂ ಅದನ್ನು ಹೆದರಿಸುವುದಕ್ಕಾಗಿ ರಾಕ್ಷಸ, ಪಿಶಾಚಿ, ಪೂತನಿಯ ಹೆಸರು ಎತ್ತಬಾರದು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆದರಿಸಬೇಡಿ ಎಂದು ಶಾಸ್ತ್ರ ಬರೆಯಬೇಕಾಯಿತೆಂದರೆ ಹೆದರಿಸುವವರು ಮನೆಮನೆಯಲ್ಲೂ ಇದ್ದಿರಬೇಕು. ಶತಮಾನಗಳ ನಂತರವೂ ಕನ್ನಡನಾಡಿನಲ್ಲಿ ಗುಮ್ಮ ಆ ಕೆಲಸ ಮಾಡುತ್ತಲೇ ಇದ್ದ. ಪುರಂದರದಾಸರ ಹೆಸರಾಂತ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಅಂಗಲಾಚುತ್ತಾನೆ. ಭಯವನ್ನು ಮಗುವಿನ ಬಾಯಿಂದಲೇ ಹೇಳಿಸಿದ ಆ ಕೀರ್ತನೆ ನೂರಾರು ವರ್ಷಗಳಿಂದ ಹಾಡಿಕೆಯಲ್ಲಿದೆ. ಗುಮ್ಮನ ಹೆದರಿಕೆಯೂ ಅಷ್ಟೇ ಕಾಲದಿಂದ ಬಳಕೆಯಲ್ಲಿದೆ.

ಯೂರೋಪಿನಲ್ಲಿ ಪ್ರಶ್ನೆ ಬೇರೆ ದಾರಿ ಹಿಡಿಯಿತು. ಅಲ್ಲಿ ಮಗುವಿನ ಸಿಟ್ಟು ಮಗುವಿನದೇ ಇಚ್ಛೆಯ ಸೊಕ್ಕು ಎನಿಸಿಕೊಂಡಿತು. ಜಾನ್ ಲಾಕ್ 1693ರಲ್ಲಿ ಪ್ರಕಟಿಸಿದ ಶಿಕ್ಷಣದ ಪುಸ್ತಕದಲ್ಲಿ ಮಕ್ಕಳ ಅಳುವನ್ನು ಎರಡಾಗಿ ವಿಂಗಡಿಸಿದ. ಒಂದು ಹಠದ, ಅಧಿಕಾರ ಚಲಾಯಿಸುವ ಅಳು, ಇನ್ನೊಂದು ನೋವಿನ, ಗೋಳಿನ ಅಳು. ಹೊಡೆತವನ್ನು ಒಪ್ಪದ ಲಾಕ್ ಕೂಡ ಮೊದಲನೆಯದರ ವಿಷಯದಲ್ಲಿ ಸಡಿಲ ಬಿಡಲಿಲ್ಲ, ಅದನ್ನು ಗೆಲ್ಲಲೇಬೇಕು ಎಂದ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ತಾಯಿ ಸುಸಾನಾ 1732ರಲ್ಲಿ ಮಗನಿಗೆ ಬರೆದ ಪತ್ರದಲ್ಲಿ ತನ್ನ ಮಕ್ಕಳನ್ನು ಬೆಳೆಸಿದ ಕ್ರಮವನ್ನು ವಿವರಿಸಿದಳು. ಒಂದು ವರ್ಷ ತುಂಬಿದ ಮಗು ಬೆತ್ತಕ್ಕೆ ಅಂಜುವುದನ್ನೂ ಸದ್ದಿಲ್ಲದೆ ಅಳುವುದನ್ನೂ ಕಲಿಯಬೇಕು, ಎಲ್ಲಕ್ಕಿಂತ ಮೊದಲು ಮಗುವಿನ ಇಚ್ಛೆಯನ್ನು ಗೆಲ್ಲಬೇಕು ಎಂಬುದು ಅವಳ ನಿಲುವು. ಅವಳನ್ನು ಕ್ರೂರಿ ಎಂದು ಕರೆಯುವುದು ಸುಲಭ. ಆದರೆ ಹಲವು ಮಕ್ಕಳನ್ನು ಮಣ್ಣುಮಾಡಿದ್ದ ಆ ತಾಯಿಗೆ, ಉಳಿದವರ ಆತ್ಮ ನರಕಕ್ಕೆ ಹೋಗದಿರಲಿ ಎಂಬ ಚಿಂತೆ ನಿಜವಾದದ್ದು. ಸಿಟ್ಟು ಪಾಪ ಎಂದು ನಂಬಿದವರು ಅದನ್ನು ಬೇಗ ಅಡಗಿಸಲು ನೋಡುತ್ತಾರೆ, ಅದು ದಿನದ ಯಾವ ಹೊತ್ತಿನಲ್ಲಿ ಬರುತ್ತದೆಂದು ಕೇಳುವ ಅಗತ್ಯ ಅವರಿಗೆ ಕಾಣುವುದೇ ಇಲ್ಲ.

ಆ ಬಗೆಯ ಪ್ರಶ್ನೆಯನ್ನು ಕೇಳಿದವರಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಡಾರ್ವಿನ್. 1839ರ ಡಿಸೆಂಬರಿನಲ್ಲಿ ಹುಟ್ಟಿದ ತನ್ನ ಮೊದಲ ಮಗ ವಿಲಿಯಮ್‌ನ ಬಗ್ಗೆ ಅವನು ಬರೆದಿಟ್ಟುಕೊಂಡ ಟಿಪ್ಪಣಿಗಳು 37 ವರ್ಷ ಹಾಗೇ ಉಳಿದು, 1877ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಲೇಖನವಾಗಿ ಬಂದವು. ಹತ್ತು ವಾರದ ಕೂಸಿಗೆ ತಣ್ಣಗಿನ ಹಾಲು ಕೊಟ್ಟಾಗ ಅದು ಕುಡಿಯುವಷ್ಟು ಹೊತ್ತೂ ಹುಬ್ಬು ಗಂಟಿಕ್ಕಿಕೊಂಡಿತ್ತು. ನಾಲ್ಕು ತಿಂಗಳ ಹೊತ್ತಿಗೆ ಸಿಟ್ಟಿಗೆ ಮುಖವೂ ನೆತ್ತಿಯೂ ಕೆಂಪೇರುತ್ತಿದ್ದವು. ಏಳು ತಿಂಗಳಲ್ಲಿ, ಹಿಡಿಯಹೋದ ನಿಂಬೆಹಣ್ಣು ಕೈತಪ್ಪಿ ಉರುಳಿದ್ದಕ್ಕೆ ಮಗು ಸಿಟ್ಟಿನಿಂದ ಚೀರಿತು. ಎರಡು ವರ್ಷ ಮೂರು ತಿಂಗಳಿಗೆ, ಸಿಟ್ಟು ಬರಿಸಿದವರ ಮೇಲೆ ಪುಸ್ತಕ, ಕೋಲು ಎಸೆಯುವುದರಲ್ಲಿ ಪಳಗಿತ್ತು. ಈ ಸಾಲುಗಳಲ್ಲಿ ಬೈಗುಳವಿಲ್ಲ, ಉಪದೇಶವಿಲ್ಲ. ಆದರೂ ಡಾರ್ವಿನ್ನನ ಬಳಿ ಇದ್ದದ್ದು ತನ್ನ ಮನೆಯ ಮಕ್ಕಳು ಮಾತ್ರ. ಗಂಡುಮಕ್ಕಳು ವಸ್ತು ಎಸೆಯುತ್ತಿದ್ದರು, ಹೆಣ್ಣುಮಕ್ಕಳಲ್ಲಿ ಅದು ಕಾಣಲಿಲ್ಲ ಎಂದು ಗಮನಿಸಿ, ಎಸೆಯುವ ಒಲವು ಗಂಡುಮಕ್ಕಳಿಗೆ ವಂಶದಿಂದ ಬರುತ್ತದೆ ಎಂದು ಊಹಿಸಿಬಿಟ್ಟ. ಒಂದು ಮನೆಯ ದಿನಚರಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದರಿಂದ ಇಷ್ಟು ದೊಡ್ಡ ಮಾತು ಹೊರಡಕೂಡದು. ಹಲವು ಮನೆಗಳ ದಿನಚರಿ ಬೇಕಿತ್ತು. ಅದಕ್ಕೆ ಇನ್ನೂ ಅರ್ಧ ಶತಮಾನ ಹಿಡಿಯಿತು.

ಆ ಕೆಲಸ ಮಾಡಿದವಳು ಫ್ಲಾರೆನ್ಸ್ ಗುಡ್‌ಇನಫ್. 1886ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಶಾಲಾ ಶಿಕ್ಷಕಿಯಾಗಿ ದುಡಿದು, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದವಳು. ಮನುಷ್ಯನ ಚಿತ್ರ ಬರೆಸಿ ಮಗುವಿನ ಬುದ್ಧಿಯನ್ನು ಅಳೆಯುವ ಪರೀಕ್ಷೆ ಇಂದಿಗೂ ಅವಳ ಹೆಸರಿನಲ್ಲಿದೆ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಶಿಶುಕಲ್ಯಾಣ ಸಂಸ್ಥೆಯಲ್ಲಿದ್ದಾಗ ಅವಳು ತಾಯಂದಿರಿಗೆ ಹೀಗೆ ಬರೆಯಬೇಕೆಂದು ಹೇಳಿಕೊಟ್ಟು, ಮಗು ಸಿಟ್ಟಿಗೆದ್ದಾಗಲೆಲ್ಲ ಹೊತ್ತು, ಜಾಗ, ಕಾರಣ, ಮಗು ಮಾಡಿದ್ದೇನು, ಎಷ್ಟು ಹೊತ್ತು ನಡೆಯಿತು, ದೊಡ್ಡವರು ಏನು ಮಾಡಿದರು ಎಂಬುದನ್ನು ದಾಖಲಿಸಿಕೊಂಡಳು. 41 ಮಕ್ಕಳ 1,878 ರಚ್ಚೆಗಳು ಹೀಗೆ ಕಾಗದದ ಮೇಲೆ ಬಂದವು. 1931ರಲ್ಲಿ ಪ್ರಕಟವಾದ ‘ಆಂಗರ್ ಇನ್ ಯಂಗ್ ಚಿಲ್ಡ್ರನ್’ ಪುಸ್ತಕಕ್ಕೆ ಇದೇ ಆಧಾರ. ಲೆಕ್ಕ ಹಾಕಿ ನೋಡಿದಾಗ ಎರಡನೆಯ ವರ್ಷದಲ್ಲಿ ರಚ್ಚೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯುವುದು ಕಂಡಿತು. ಹೆಚ್ಚಿನವು ಐದು ನಿಮಿಷವನ್ನೂ ದಾಟುತ್ತಿರಲಿಲ್ಲ. ದಿನದಲ್ಲಿ ಅವು ಮಧ್ಯಾಹ್ನದ ಊಟಕ್ಕೆ ಮುಂಚೆ, ಮತ್ತೆ ಸಂಜೆಯ ಊಟಕ್ಕೆ ಮುಂಚೆ ಗುಂಪುಗೂಡುತ್ತಿದ್ದವು. ಹಿಂದಿನ ರಾತ್ರಿ ನಿದ್ದೆ ಕೆಟ್ಟ ದಿನ, ನೆಗಡಿಯಂಥ ಸಣ್ಣ ಕಾಯಿಲೆಯಿದ್ದ ದಿನ ಹೆಚ್ಚಾಗುತ್ತಿದ್ದವು. ಮನೆಗೆ ನೆಂಟರು ಬಂದ ದಿನವೂ ಹಾಗೆಯೇ. ಚಿಕ್ಕವರಲ್ಲಿ ಬಹಳಷ್ಟು ರಚ್ಚೆಗಳು ಸ್ನಾನ, ಬಟ್ಟೆ ಹಾಕುವುದು, ಶೌಚದಂಥ ದಿನನಿತ್ಯದ ಕೆಲಸಗಳ ಸುತ್ತ ಹುಟ್ಟುತ್ತಿದ್ದವು, ಬೆಳೆದವರಲ್ಲಿ ಆಟದ ಜೊತೆಗಾರರೊಂದಿಗಿನ ಜಗಳಗಳಿಂದ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹಸಿದ ಮಗು ಸಿಡುಕುತ್ತದೆ ಎಂದು ಯಾವ ತಾಯಿಗೆ ಗೊತ್ತಿಲ್ಲ? ಇದಕ್ಕೆ ವಿಶ್ವವಿದ್ಯಾಲಯ ಬೇಕೇ ಎಂದು ಕೇಳಬಹುದು. ಗೊತ್ತಿರುವುದು ಬೇರೆ, ಗೊತ್ತಿದ್ದುದು ಸಾಕ್ಷ್ಯವಾಗಿ ನಿಲ್ಲುವುದು ಬೇರೆ. ಗುಡ್‌ಇನಫ್‌ಳ ಪುಸ್ತಕಕ್ಕೆ ಮೂರೇ ವರ್ಷ ಮೊದಲು, 1928ರಲ್ಲಿ, ಅಮೆರಿಕದ ಅಂದಿನ ಅತಿ ಪ್ರಸಿದ್ಧ ಮನೋವಿಜ್ಞಾನಿ ಜಾನ್ ವಾಟ್ಸನ್ ಪಾಲಕರಿಗಾಗಿ ಬರೆದ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಿಕೊಳ್ಳಬಾರದು, ಮುತ್ತಿಡಬಾರದು, ತಾಯಿಯ ಅತಿಪ್ರೀತಿಯೇ ಮಗುವನ್ನು ಕೆಡಿಸುತ್ತದೆ ಎಂದು ಬೋಧಿಸಿದ್ದ. ಆ ಪುಸ್ತಕ ಮನೆಮನೆಗೆ ತಲುಪಿತ್ತು. ತಾಯಿಗೆ ತನ್ನ ಮಗುವಿನ ಬಗ್ಗೆ ಗೊತ್ತಿದ್ದದ್ದು ಆ ವಾದದ ಎದುರು ಬರೀ ಮಮತೆಯ ಕುರುಡು ಎನಿಸಿಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲಿ ತಾಯಂದಿರ ಬರಹವನ್ನೇ ದತ್ತಾಂಶವೆಂದು ಒಪ್ಪಿ, ಅದರ ಮೇಲೆ ಪುಸ್ತಕ ಕಟ್ಟಿದ್ದು ಧೈರ್ಯದ ಕೆಲಸ. ರಚ್ಚೆ ಮರುವರ್ಷ, ಮತ್ತಿನ ವರ್ಷ ತಾನಾಗಿಯೇ ಇಳಿಮುಖವಾಗುತ್ತದೆ ಎಂದು ಅಂಕಿಗಳು ತೋರಿಸಿದ ಮೇಲೆ, ಅದನ್ನು ಪಾಪವೆಂದಾಗಲಿ ಚಾಳಿಯೆಂದಾಗಲಿ ಕರೆಯುವುದು ಕಷ್ಟವಾಯಿತು. ಪಾಪ ವಯಸ್ಸಿನ ಪಟ್ಟಿ ಹಿಡಿದು ಏರಿ ಇಳಿಯುವುದಿಲ್ಲ. ಬೆಳವಣಿಗೆ ಹಾಗೆ ಏರಿ ಇಳಿಯುತ್ತದೆ.

41 ಮಕ್ಕಳು, ಅದೂ ವಿಶ್ವವಿದ್ಯಾಲಯದ ಆಸುಪಾಸಿನ, ಓದುಬರಹ ಬಲ್ಲ ತಾಯಂದಿರ ಮಕ್ಕಳು, ಎಂಬ ಆಕ್ಷೇಪ ನ್ಯಾಯವಾದದ್ದು. ಅಂಥ ಮನೆಗಳಲ್ಲಿ ಕಂಡದ್ದನ್ನು ಹೊಲಗೆಲಸದ, ಕೂಲಿಯ ಮನೆಗಳಿಗೆ ಹಾಗೇ ಹೊಂದಿಸಲಾಗದು. ತಾಯಿ ತನ್ನ ತಪ್ಪನ್ನು ಬರೆಯದೆ ಬಿಟ್ಟಿರಬಹುದು ಎಂಬ ಸಂಶಯವೂ ಸಹಜ. ಇದಕ್ಕೆ ಉತ್ತರ ಸಿಕ್ಕಿದ್ದು ಎಪ್ಪತ್ತೆರಡು ವರ್ಷಗಳ ನಂತರ. 2003ರಲ್ಲಿ ಮೈಕೇಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಒಂದೂವರೆಯಿಂದ ಐದು ವರ್ಷದವರೆಗಿನ 335 ಮಕ್ಕಳ ರಚ್ಚೆಗಳ ಬಗ್ಗೆ ಪಾಲಕರು ಬರೆದುಕೊಟ್ಟ ವಿವರಗಳನ್ನು ವಿಶ್ಲೇಷಿಸಿದರು. ಮುಕ್ಕಾಲು ಪಾಲು ರಚ್ಚೆಗಳು ಐದು ನಿಮಿಷದೊಳಗೆ ಮುಗಿದಿದ್ದವು. ಒಂದೇ ರಚ್ಚೆಯಲ್ಲಿ ಎರಡು ಎಳೆಗಳಿರುವುದು ಕಂಡುಬಂತು. ಕಿರುಚುವುದು, ಒದೆಯುವುದು, ಎಸೆಯುವುದು ಸಿಟ್ಟಿನ ಎಳೆ, ಅದು ಬೇಗ ಏರಿ ಬೇಗ ಇಳಿಯುತ್ತದೆ. ಅಳು, ಗೊಣಗಾಟ, ಯಾರಾದರೂ ಸಮಾಧಾನ ಮಾಡಲಿ ಎಂದು ಬಳಿ ಬರುವುದು ಸಂಕಟದ ಎಳೆ, ಅದು ಉದ್ದಕ್ಕೂ ಇರುತ್ತದೆ. ಲಾಕ್ ಎರಡು ಬಗೆಯ ಮಕ್ಕಳೆಂಬಂತೆ, ಎರಡು ಬಗೆಯ ಅಳುವೆಂದು ಬೇರೆ ಮಾಡಿದ್ದು ಒಂದೇ ಮಗುವಿನ ಒಂದೇ ರಚ್ಚೆಯೊಳಗೆ ಹೆಣೆದುಕೊಂಡಿತ್ತು. ಹಠವೆಂದು ಗದರಿಸಿದ ಮಗು ಅದೇ ಕ್ಷಣದಲ್ಲಿ ಸಂಕಟದಲ್ಲೂ ಇತ್ತು. ಬರವಣಿಗೆಯನ್ನೇ ನಂಬಬೇಕಾಗಿಲ್ಲ ಎಂದು ಪೊಟೆಗಲ್ ಮತ್ತು ಸಂಗಡಿಗರು ಆಮೇಲೆ ಮಕ್ಕಳ ಉಡುಪಿನೊಳಗೆ ಪುಟ್ಟ ಮೈಕ್ ಹೊಲಿದು ದನಿಯನ್ನೇ ಹಿಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೂ ಚೀರಾಟ ಒಂದು ಕಡೆ, ಅಳು ಮತ್ತು ಗೊಣಗಾಟ ಇನ್ನೊಂದು ಕಡೆ ಗುಂಪಾದವು.

ಇನ್ನು ಮಿದುಳು. ಲೀಪ್‌ಜಿಗ್‌ನ ಪಾಲ್ ಫ್ಲೆಕ್ಸಿಗ್ ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದ್ದ. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಂದಾಗ ಸಂದೇಶ ಬೇಗ ಸಾಗುತ್ತದೆ. ಈ ಹೊದಿಕೆ ಇಂದ್ರಿಯಗಳ ಮತ್ತು ಚಲನೆಯ ಭಾಗಗಳಲ್ಲಿ ಮೊದಲು ಬರುತ್ತದೆ, ಹಣೆಯ ಹಿಂದಿನ ಭಾಗವೂ ಸೇರಿದಂತೆ ಹಲವು ಕೇಂದ್ರಗಳನ್ನು ಬೆಸೆಯುವ ಪ್ರದೇಶಗಳಲ್ಲಿ ಕಡೆಗೆ ಬರುತ್ತದೆ. ಇಷ್ಟು ತಿಳಿದಿದ್ದರೂ ಅದು ಮನೆಯಲ್ಲಿ ಅಳುವ ಮಗುವಿನ ಉಪಯೋಗಕ್ಕೆ ಬರಲಿಲ್ಲ. ಮಿದುಳಿನ ಅಧ್ಯಯನ ಹಿಡಿದದ್ದು ಬೇರೊಂದು ದಾರಿ. 1930ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಫುಲ್ಟನ್ ಮತ್ತು ಕಾರ್ಲೈಲ್ ಜೇಕಬ್‌ಸನ್ ಬೆಕಿ ಮತ್ತು ಲೂಸಿ ಎಂಬ ಎರಡು ಚಿಂಪಾಂಜಿಗಳಿಗೆ ನೆನಪಿನ ಪರೀಕ್ಷೆ ಕೊಡುತ್ತಿದ್ದರು. ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ತಿಂಡಿ ಇಟ್ಟು, ತೆರೆ ಇಳಿಸಿ, ಸ್ವಲ್ಪ ಹೊತ್ತಿನ ಮೇಲೆ ಯಾವುದರಲ್ಲಿದೆ ಎಂದು ಹುಡುಕಿಸುವುದು. ತಪ್ಪಿದಾಗ ಬೆಕಿ ನೆಲಕ್ಕೆ ಬಿದ್ದು ಹೊರಳಾಡಿ ಚೀರುತ್ತಿತ್ತು, ಎರಡು ವರ್ಷದ ಮಗುವಿನ ಹಾಗೆಯೇ. ಮಿದುಳಿನ ಮುಂಭಾಗವನ್ನು ಕತ್ತರಿಸಿ ತೆಗೆದ ಮೇಲೆ ಅದು ತಪ್ಪಿದರೂ ಸಿಟ್ಟಾಗಲಿಲ್ಲ. ಲೂಸಿಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ, ಶಾಂತವಾಗಿದ್ದದ್ದು ಶಸ್ತ್ರಕ್ರಿಯೆಯ ನಂತರ ಸಿಡುಕಲು ಶುರುಮಾಡಿತು. 1935ರ ಲಂಡನ್ ನರವಿಜ್ಞಾನ ಸಮ್ಮೇಳನದಲ್ಲಿ ಈ ಕೆಲಸದ ವರದಿ ಬಂದಾಗ ಪೋರ್ಚುಗಲ್‌ನ ಎಗಾಸ್ ಮೋನಿಝ್ ಅಲ್ಲಿದ್ದ. ಅದೇ ವರ್ಷದ ನವೆಂಬರಿನಲ್ಲಿ ಅವನು ಲಿಸ್ಬನ್‌ನಲ್ಲಿ ಮನುಷ್ಯರ ಮೇಲೆ ಮೊದಲ ಲ್ಯೂಕಾಟಮಿ, ಎಂದರೆ ಮಿದುಳಿನ ಮುಂಭಾಗದ ನರತಂತುಗಳನ್ನು ನಾಶಮಾಡುವ ಶಸ್ತ್ರಚಿಕಿತ್ಸೆ, ಮಾಡಿಸಿದ. 1949ರಲ್ಲಿ ಅದಕ್ಕೆ ನೊಬೆಲ್ ಬಂತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲೂ 1940ರ ದಶಕದಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯಿತು. ಅಮೆರಿಕದಲ್ಲಿ ಇದನ್ನೇ ಮಾಡುತ್ತಿದ್ದ ವೈದ್ಯ ವಾಲ್ಟರ್ ಫ್ರೀಮನ್ ಮಕ್ಕಳನ್ನೂ ಬಿಡಲಿಲ್ಲ.

ಮಿದುಳಿನ ವಿವರಣೆ ತನ್ನಷ್ಟಕ್ಕೆ ತಾನೇ ಕರುಣೆಯನ್ನು ತರುತ್ತದೆ ಎನ್ನುವವರು ಈ ಅಧ್ಯಾಯವನ್ನು ಓದಬೇಕು. ಸಿಟ್ಟು ಮಿದುಳಿನಲ್ಲಿದೆ ಎಂದು ತಿಳಿದವರು ಸಿಟ್ಟಿರುವ ಮಿದುಳನ್ನೇ ಕತ್ತರಿಸಿದರು. ಹೊತ್ತು, ಹಸಿವು, ವಯಸ್ಸು, ಮನೆಯ ಸ್ಥಿತಿ ಯಾವುದನ್ನೂ ಕೇಳದ ಕಡೆ ಮಿದುಳು ಎಂಬ ಉತ್ತರ, ಗ್ರಹ ಎಂಬ ಉತ್ತರಕ್ಕಿಂತ ಹೆಚ್ಚು ಕೆಡುಕು ಮಾಡಬಲ್ಲದು. ಬೆಕಿಯ ಕಥೆ ಲಂಡನ್ನಿನಲ್ಲಿ ವರದಿಯಾಗುವ ಹೊತ್ತಿಗೆ ಗುಡ್‌ಇನಫ್‌ಳ ಪುಸ್ತಕ ಬಂದು ನಾಲ್ಕು ವರ್ಷವಾಗಿತ್ತು ಎಂಬುದನ್ನು ನೆನಪಿಡಬೇಕು. ಎರಡೂ ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ ನಡೆದ ಕೆಲಸಗಳು.

ಮಿದುಳಿನ ಅಧ್ಯಯನ ಮಗುವಿನ ಬೆಳವಣಿಗೆಯ ಕಡೆಗೆ ನಿಜವಾಗಿ ತಿರುಗಿದ್ದು 1970ರ ದಶಕದ ನಂತರ. ಶಿಕಾಗೋದ ಮಕ್ಕಳ ನರತಜ್ಞ ಪೀಟರ್ ಹಟನ್‌ಲಾಕರ್ 1979ರಲ್ಲಿ, ನವಜಾತರಿಂದ 90 ವರ್ಷದವರವರೆಗಿನ 21 ಮೃತರ ಮಿದುಳುಗಳ ಮುಂಭಾಗದ ತುಣುಕುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನರಕೋಶಗಳ ಕೂಡುತಾಣಗಳನ್ನು ಎಣಿಸಿದ ವರದಿ ಪ್ರಕಟಿಸಿದ. ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಅವುಗಳ ಸಾಂದ್ರತೆ ದೊಡ್ಡವರಿಗಿಂತ ಸುಮಾರು ಅರ್ಧದಷ್ಟು ಹೆಚ್ಚಿತ್ತು, ಹದಿಹರೆಯದವರೆಗೆ ಅದು ಇಳಿಯುತ್ತ ಹೋಗಿತ್ತು. ಸಸಿ ಒತ್ತೊತ್ತಾಗಿ ಹುಟ್ಟಿದ ಮಡಿಯಲ್ಲಿ ಬೇಡದ್ದನ್ನು ಕಿತ್ತು ತೆಳುವು ಮಾಡುವಂತೆ, ಬಳಕೆಗೆ ಬಂದ ಕೂಡುಗಳು ಉಳಿದು ಬಾರದವು ಹೋಗುತ್ತವೆ. ತಾಯಂದಿರ ಹಾಳೆಗಳಲ್ಲಿ ರಚ್ಚೆ ತುದಿ ಮುಟ್ಟಿದ ವಯಸ್ಸೂ ಇದೇ. ಎರಡೂ ಒಂದೇ ವಯಸ್ಸಿನಲ್ಲಿ ಬಂದವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಹೇಳಲಾಗದು, ನಿಜ. ಆದರೆ ಕೈಗೂ ಅರಿವಿಗೂ ನಡುವಿನ ಅಂತರವನ್ನು ಕಣ್ಣಾರೆ ತೋರಿಸಿದ ಪ್ರಯೋಗ ಇನ್ನೊಂದಿದೆ. ಎಂಟು ತಿಂಗಳ ಕೂಸಿನ ಎದುರು ಆಟಿಕೆಯನ್ನು ಒಂದು ಗುಳಿಯಲ್ಲಿ ಬಚ್ಚಿಟ್ಟು ಕೆಲವು ಸಲ ಹುಡುಕಿಸಿ, ಆಮೇಲೆ ಅದು ನೋಡುತ್ತಿರುವಂತೆಯೇ ಪಕ್ಕದ ಗುಳಿಗೆ ಬದಲಿಸಿದರೆ, ಕೂಸು ಮತ್ತೆ ಹಳೆಯ ಗುಳಿಗೇ ಕೈಹಾಕುತ್ತದೆ. ಕೆಲವು ಕೂಸುಗಳ ಕಣ್ಣು ಸರಿಯಾದ ಗುಳಿಯ ಮೇಲಿರುತ್ತದೆ, ಕೈ ಮಾತ್ರ ತಪ್ಪಾದ ಕಡೆ ಹೋಗುತ್ತದೆ. ಅಡೆಲ್ ಡೈಮಂಡ್ ಮತ್ತು ಪೆಟ್ರೀಶಿಯಾ ಗೋಲ್ಡ್‌ಮನ್-ರಾಕಿಚ್ 1989ರಲ್ಲಿ, ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಕೋತಿಗಳೂ ಇದೇ ತಪ್ಪು ಮಾಡುತ್ತವೆ ಎಂದು ತೋರಿಸಿದರು. ‘ಅದಕ್ಕೆ ಎಲ್ಲ ಗೊತ್ತು, ಬೇಕಂತಲೇ ಮಾಡುತ್ತದೆ’ ಎಂದು ಮಗುವಿನ ಮೇಲೆ ಹೊರಿಸುವ ಆರೋಪಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಗೊತ್ತಿರಬಹುದು. ಗೊತ್ತಿದ್ದಂತೆ ನಡೆದುಕೊಳ್ಳುವ ಶಕ್ತಿ ಆಮೇಲೆ ಬರುತ್ತದೆ.

ಹಾಗಾದರೆ ಮಗು ಏನು ಮಾಡಿದರೂ ಮಿದುಳು ಬಲಿಯಲಿ ಎಂದು ಕೈಕಟ್ಟಿ ಕೂರಬೇಕೇ ಎಂಬುದು ಇಂದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ. ಗುಡ್‌ಇನಫ್‌ಳ ಪುಸ್ತಕವೇ ಇದಕ್ಕೆ ಇಲ್ಲ ಎನ್ನುತ್ತದೆ. ಒಂದು ದಿನ ಗದರಿ ಮರುದಿನ ಕೇಳಿದ್ದನ್ನು ಕೊಟ್ಟು ಸುಮ್ಮನಾಗಿಸುವ ಏರುಪೇರು ರಚ್ಚೆಯನ್ನು ಹೆಚ್ಚಿಸುತ್ತದೆ, ಒಂದೇ ರೀತಿ ನಡೆದುಕೊಳ್ಳುವ ಮನೆಯಲ್ಲಿ ಅದು ತಗ್ಗುತ್ತದೆ ಎಂಬುದು ಅವಳ ತೀರ್ಮಾನ. ಮಿದುಳಿನ ಕೂಡುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ಬಳಕೆ ತೀರ್ಮಾನಿಸುವುದರಿಂದ, ಮಗು ದಿನವೂ ಏನನ್ನು ಅನುಭವಿಸುತ್ತದೆ ಎಂಬುದಕ್ಕೆ ಬೆಲೆ ಇನ್ನೂ ಹೆಚ್ಚು. ಊಟ ಹೊತ್ತಿಗೆ ಸರಿಯಾಗಿ ಹಾಕುವುದು, ಇಲ್ಲ ಎಂದದ್ದು ಇಲ್ಲವೇ ಆಗಿ ಉಳಿಯುವುದು, ಸಿಟ್ಟು ಇಳಿಯುವವರೆಗೆ ಪಕ್ಕದಲ್ಲಿ ಶಾಂತವಾಗಿ ಇರುವುದು, ಸಂಕಟದ ಅಳುವಿಗೆ ತೋಳು ಚಾಚುವುದು. ಇವು ದೊಡ್ಡವರೇ ಮಾಡಬೇಕಾದ ಕೆಲಸಗಳು. ಹೊಡೆತ ಈ ಪಟ್ಟಿಯಲ್ಲಿ ಎಲ್ಲೂ ಸೇರುವುದಿಲ್ಲ. ಸಿಟ್ಟು ತಡೆಯಲಾರದ ಮಗುವಿಗೆ, ಸಿಟ್ಟು ತಡೆಯಲಾರದ ದೊಡ್ಡವರು ಕಲಿಸುವುದೇನಿದೆ?

ಇದನ್ನೆಲ್ಲ ನಮ್ಮ ಅಜ್ಜಿಯರು ಯಾವ ಪ್ರಯೋಗಾಲಯವೂ ಇಲ್ಲದೆ ಬಲ್ಲವರಾಗಿದ್ದರು ಎಂಬ ಮಾತಿನಲ್ಲೂ ತಿರುಳಿದೆ. ಕೆನಡಾದ ಉತ್ತರದ ಉಟ್ಕು ಇನುಯಿಟ್ ಜನರ ನಡುವೆ 1963ರಿಂದ ವಾಸವಿದ್ದ ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್, ಅಲ್ಲಿ ದೊಡ್ಡವರು ಮಕ್ಕಳ ಮೇಲೆ ಸಿಟ್ಟಾಗುವುದೇ ಇಲ್ಲ ಎಂದು 1970ರ ತನ್ನ ಪುಸ್ತಕದಲ್ಲಿ ದಾಖಲಿಸಿದಳು. ಚಿಕ್ಕ ಮಗುವಿಗೆ ವಿವೇಕ ಇನ್ನೂ ಮೂಡಿಲ್ಲ, ಮೂಡುವ ಮೊದಲು ಬೈದು ಪ್ರಯೋಜನವಿಲ್ಲ ಎಂಬುದು ಆ ಜನರ ತಿಳಿವಳಿಕೆ. ಮಿದುಳಿನ ಚಿತ್ರ ನೋಡದೆಯೇ ಅವರು ಮುಟ್ಟಿದ ತೀರ್ಮಾನ ನಮ್ಮ ಕಾಲದ್ದಕ್ಕಿಂತ ಬೇರೆಯಲ್ಲ. ನಮ್ಮಲ್ಲೂ ‘ಇನ್ನೂ ಕೂಸು, ಅದಕ್ಕೇನು ಗೊತ್ತಾಗುತ್ತೆ’ ಎಂದು ಸೊಸೆಯ ಏಟಿನಿಂದ ಮೊಮ್ಮಗುವನ್ನು ಕಾಪಾಡಿದ ಅಜ್ಜಿಯರು ಎಷ್ಟೋ. ಆದರೆ ಗುಮ್ಮನನ್ನು ಕರೆದವರೂ ನಮ್ಮ ಮನೆಯವರೇ. ಪರಂಪರೆಯಲ್ಲಿ ಎರಡೂ ಇದ್ದವು, ಯಾವುದನ್ನು ಉಳಿಸಿಕೊಳ್ಳಬೇಕೆಂದು ತೂಗಿ ನೋಡಲು ನಮಗೆ ದಾಖಲೆ ಬೇಕು. ಚರಕನ ಎಚ್ಚರಿಕೆ ಗ್ರಂಥದಲ್ಲಿದ್ದೂ ಮನೆಗಳಲ್ಲಿ ಬದಲಾವಣೆ ತರದೆ ಉಳಿದದ್ದಕ್ಕೆ, ಅದರ ಬೆನ್ನಿಗೆ ಅಂಥ ದಾಖಲೆ ಇಲ್ಲದಿದ್ದದ್ದೂ ಒಂದು ಕಾರಣವೆಂದು ನನ್ನ ನಂಬಿಕೆ.

ಆದ್ದರಿಂದ ಎರಡು ಮೂರು ವರ್ಷದ ಮಗುವಿರುವ ಓದುಗರಲ್ಲಿ ಒಂದು ಬಿನ್ನಹ. ರಚ್ಚೆ ಬಂದ ಹೊತ್ತು, ಅದಕ್ಕೆ ಮುಂಚೆ ಮಗು ಉಂಡಿತ್ತೇ, ಮಲಗಿತ್ತೇ, ಯಾವ ಮಾತಿಗೆ ಶುರುವಾಯಿತು, ಎಷ್ಟು ನಿಮಿಷ ನಡೆಯಿತು, ನೀವು ಏನು ಮಾಡಿದಿರಿ, ಇಷ್ಟನ್ನು ಎರಡು ವಾರ ಬರೆದಿಡಿ. ಮಗು ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ರಚ್ಚೆ ದಿನವೂ ಹಲವು ಸಲ ಬರುತ್ತ ಬಹಳ ಹೊತ್ತು ನಿಲ್ಲದಿದ್ದರೆ, ಅಥವಾ ಐದು ವರ್ಷ ದಾಟಿದರೂ ತಗ್ಗದಿದ್ದರೆ ಆ ಹಾಳೆಗಳನ್ನು ಹಿಡಿದುಕೊಂಡೇ ಮಕ್ಕಳ ವೈದ್ಯರ ಬಳಿ ಹೋಗಿ. ಅವರು ಮೊದಲು ಕೇಳುವ ಪ್ರಶ್ನೆಗಳೂ ಇವೇ.